ಸಂಗೀತ ಮನೋವಿಜ್ಞಾನ: ಶೈಶವದಿಂದ ಮುಪ್ಪಿನವರೆಗೆ

ಮನುಷ್ಯರು ಸಂಗೀತವನ್ನು ಗ್ರಹಿಸುವ, ನೆನಪಿಡುವ, ಕಲಿಯುವ, ಹಾಡಿ ನುಡಿಸುವ ಮತ್ತು ಅದರಿಂದ ಭಾವಗೊಳ್ಳುವ ಮಾನಸಿಕ ಕ್ರಿಯೆಗಳನ್ನು ಪ್ರಯೋಗ ಹಾಗೂ ಅವಲೋಕನಗಳ ಮೂಲಕ ಅಭ್ಯಸಿಸುವ ಮನೋವಿಜ್ಞಾನದ ಶಾಖೆಯೇ ಸಂಗೀತ ಮನೋವಿಜ್ಞಾನ. ರಾಗ, ತಾಳ, ರಚನೆಗಳ ಲಕ್ಷಣ ಹೇಳುವುದು ಸಂಗೀತಶಾಸ್ತ್ರದ ಕೆಲಸ. ಅವು ಕೇಳುವವರ ಮತ್ತು ಹಾಡುವವರ ಮನಸ್ಸಿನಲ್ಲಿ ಏನು ಮಾಡುತ್ತವೆ ಎಂಬುದು ಈ ಶಾಖೆಯ ವಿಷಯ. ಸಂಗೀತದೊಡನೆ ಮನುಷ್ಯನ ನಂಟು ಹುಟ್ಟುವ ಮೊದಲೇ ಶುರುವಾಗುತ್ತದೆ, ವಯಸ್ಸಿಗೆ ತಕ್ಕಂತೆ ಅದರ ಸ್ವರೂಪ ಬದಲಾಗುತ್ತದೆ. ಆದ್ದರಿಂದ ವಯೋಹಂತಗಳ ಅಧ್ಯಯನ ಈ ಶಾಖೆಯ ಮುಖ್ಯ ಭಾಗವಾಗಿದೆ.

ಸ್ವರದ ಏರುತಗ್ಗಿನ ಮಟ್ಟವನ್ನು ಈ ಲೇಖನದಲ್ಲಿ ‘ಸ್ಥಾಯಿ’ ಎಂದು ಕರೆಯಲಾಗಿದೆ. ಒಂದೇ ಸ್ವರ ವೀಣೆಯಲ್ಲೂ ಕೊಳಲಿನಲ್ಲೂ ಬೇರೆಯಾಗಿ ಕೇಳಿಸಲು ಕಾರಣವಾದ ಗುಣ ‘ನಾದಗುಣ’, ಸಮಾನ ಅಂತರದಲ್ಲಿ ಬೀಳುವ ಪೆಟ್ಟು ‘ಎಣಿಕೆ’, ಎಣಿಕೆಗಳ ವೇಗ ‘ಗತಿ’.

ಹಿನ್ನೆಲೆ

ಸಂಗೀತಕ್ಕೂ ಮನಸ್ಸಿಗೂ ಇರುವ ಸಂಬಂಧದ ವಿಚಾರ ಭಾರತದಲ್ಲಿ ಬಹು ಹಳೆಯದು. ಭರತನ ‘ನಾಟ್ಯಶಾಸ್ತ್ರ’ ಯಾವ ಜಾತಿಗಾನ ಯಾವ ರಸಕ್ಕೆ ಸಲ್ಲುತ್ತದೆ ಎಂದು ವಿವರಿಸುತ್ತದೆ. ಮತಂಗನ ‘ಬೃಹದ್ದೇಶೀ’ಯಲ್ಲಿ ರಾಗದ ಲಕ್ಷಣವೇ ಜನರ ಚಿತ್ತವನ್ನು ರಂಜಿಸುವುದು, ಅಂದರೆ ಅಲ್ಲಿ ಕೇಳುಗನ ಮನಸ್ಸು ರಾಗದ ಲಕ್ಷಣದೊಳಗೇ ಸೇರಿಕೊಂಡಿದೆ. ಆದರೆ ಈ ಗ್ರಂಥಗಳದು ಶಾಸ್ತ್ರವಿಚಾರ. ಅಳತೆ, ಪ್ರಯೋಗಗಳ ದಾರಿ ತೆರೆದದ್ದು 19ನೇ ಶತಮಾನದ ಜರ್ಮನಿಯಲ್ಲಿ.

ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಸ್ವರಸಂವೇದನೆಯನ್ನು ಕುರಿತ ತನ್ನ ಗ್ರಂಥ ಪ್ರಕಟಿಸಿ, ಕೆಲವು ಸ್ವರಗಳು ಒಟ್ಟಿಗೆ ಇಂಪಾಗಿಯೂ ಕೆಲವು ಕರ್ಕಶವಾಗಿಯೂ ಕೇಳುವುದಕ್ಕೆ ಭೌತಿಕ ಕಾರಣ ಹೇಳಿದ. ಕಾರ್ಲ್ ಸ್ಟಂಫ್ 1883 ಮತ್ತು 1890ರಲ್ಲಿ ಎರಡು ಸಂಪುಟಗಳಲ್ಲಿ ಸ್ವರಗಳ ಮನೋವಿಜ್ಞಾನವನ್ನು ಬರೆದ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕಾರ್ಲ್ ಸೀಶೋರ್ 1919ರಲ್ಲಿ ಸ್ಥಾಯಿ, ತೀವ್ರತೆ, ಕಾಲಾವಧಿ, ಸ್ವರಸ್ಮರಣೆ ಮೊದಲಾದವನ್ನು ಅಳೆಯುವ ಪರೀಕ್ಷೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹೊರತಂದ. ಇವರೆಲ್ಲರ ಗಮನ ಬಿಡಿ ಸ್ವರಗಳ ಮೇಲಿತ್ತು. 1956ರಲ್ಲಿ ಲಿಯೊನಾರ್ಡ್ ಮೇಯರ್ ಬರೆದ ಪುಸ್ತಕ ನೋಟವನ್ನು ಬದಲಿಸಿತು. ಮುಂದೇನು ಬರುತ್ತದೆ ಎಂದು ಕೇಳುಗ ಸದಾ ನಿರೀಕ್ಷಿಸುತ್ತಿರುತ್ತಾನೆ, ಆ ನಿರೀಕ್ಷೆ ತಡವಾಗಿ ಈಡೇರಿದಾಗ ಅಥವಾ ತಪ್ಪಿದಾಗ ಭಾವ ಹುಟ್ಟುತ್ತದೆ ಎಂಬುದು ಮೇಯರ್ ವಾದ. ಇಂದಿಗೂ ಈ ಕ್ಷೇತ್ರದ ಸಾಕಷ್ಟು ಸಂಶೋಧನೆ ಆ ವಾದದ ಸುತ್ತ ನಡೆಯುತ್ತಿದೆ.

ಕರ್ನಾಟಕದ ಇತಿಹಾಸದಲ್ಲಿ ಮನೋವಿಜ್ಞಾನವೂ ಸಂಗೀತ ಪ್ರಸಾರವೂ ಒಬ್ಬರೇ ವ್ಯಕ್ತಿಯಲ್ಲಿ ಕೂಡಿಕೊಂಡ ಉದಾಹರಣೆಯಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರವನ್ನು ಆರಂಭಿಸಿದರು.

ಗ್ರಹಿಕೆಯ ರಚನೆ

ಕಿವಿಯೊಳಗಿನ ಶಂಖಾಕೃತಿಯ ಕಾಕ್ಲಿಯಾ ಬೇರೆ ಬೇರೆ ಆವರ್ತನಗಳನ್ನು ಬೇರೆ ಬೇರೆ ಜಾಗಗಳಲ್ಲಿ ಹಿಡಿಯುತ್ತದೆ. ಮಿದುಳಿನ ಶ್ರವಣ ಭಾಗ ಅವನ್ನು ಸ್ವರಗಳಾಗಿ, ಸ್ವರಗಳನ್ನು ಸಂಚಾರಗಳಾಗಿ ಜೋಡಿಸುತ್ತದೆ. ಮಿದುಳಿನಲ್ಲಿ ‘ಸಂಗೀತ ಕೇಂದ್ರ’ವೆಂಬ ಒಂದೇ ಜಾಗವಿಲ್ಲ. ಸುಮ್ಮನೆ ಕುಳಿತು ತಾಳ ಕೇಳುವಾಗಲೂ ಚಲನೆಯನ್ನು ನಿಯಂತ್ರಿಸುವ ಭಾಗಗಳು ಚುರುಕಾಗುತ್ತವೆ. ಕಚೇರಿಯಲ್ಲಿ ಕೂತವರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗುವುದಕ್ಕೆ ಆಧಾರ ಇದು.

ಸ್ವರಗಳ ನಡುವೆ ಮನಸ್ಸು ಒಂದು ತಾರತಮ್ಯ ಕಟ್ಟಿಕೊಳ್ಳುತ್ತದೆ. ಕೆಲವು ಸ್ವರಗಳ ಮೇಲೆ ನಿಲ್ಲಬಹುದು ಎನಿಸುತ್ತದೆ, ಕೆಲವು ಮುಂದಕ್ಕೆ ತಳ್ಳುತ್ತವೆ. ಅಮೆರಿಕದ ಕ್ಯಾರಲ್ ಕ್ರಮ್‌ಹಾನ್ಸಲ್ ಇದನ್ನು ಅಳೆಯುವ ಸರಳ ವಿಧಾನವೊಂದನ್ನು ರೂಪಿಸಿದರು: ಸಂಗೀತದ ಒಂದು ತುಣುಕು ಕೇಳಿಸಿ, ಕೊನೆಯಲ್ಲಿ ಒಂದು ಸ್ವರ ನುಡಿಸಿ, ಅದು ಎಷ್ಟು ಹೊಂದುತ್ತದೆ ಎಂದು ಅಂಕ ಕೇಳುವುದು. ಹಿಂದೂಸ್ತಾನಿ ರಾಗಗಳನ್ನು ಬಳಸಿ ಅವರ ತಂಡ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತೀಯರೂ ಪಾಶ್ಚಾತ್ಯರೂ ಷಡ್ಜ ಪಂಚಮಗಳಿಗೆ ಹೆಚ್ಚು ಅಂಕ ಕೊಟ್ಟರು. ತುಣುಕಿನಲ್ಲಿ ಯಾವ ಸ್ವರ ಎಷ್ಟು ಹೊತ್ತು ನಿಂತಿತು ಎಂಬುದನ್ನು ಹೊಸಬರ ಕಿವಿಯೂ ಲೆಕ್ಕ ಹಿಡಿದಿತ್ತು. ಆದರೆ ರಾಗದ ಹಿಂದಿರುವ ಥಾಟಿನ, ಅಂದರೆ ಮೂಲ ಸ್ವರಶ್ರೇಣಿಯ, ಅರಿವು ಭಾರತೀಯ ಕೇಳುಗರ ಉತ್ತರಗಳಲ್ಲಿ ಮಾತ್ರ ಕಂಡಿತು. ಗ್ರಹಿಕೆಯಲ್ಲಿ ಹುಟ್ಟಿನಿಂದ ಬಂದ ಶಕ್ತಿ ಎಷ್ಟು, ಸಂಸ್ಕೃತಿ ಕಲಿಸಿದ್ದು ಎಷ್ಟು ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿ ತೋರಿಸಿದ ಅಧ್ಯಯನಗಳು ಕಡಿಮೆ.

ಗರ್ಭ ಮತ್ತು ಶೈಶವ

ಗರ್ಭದ ಸುಮಾರು 25ನೇ ವಾರದ ಹೊತ್ತಿಗೆ ಶಿಶುವಿನ ಕಿವಿ ಕೆಲಸ ಮಾಡತೊಡಗುತ್ತದೆ. ಹೊರಗಿನ ಶಬ್ದಗಳಲ್ಲಿ ತಗ್ಗಿನ ಆವರ್ತನಗಳು ಚೆನ್ನಾಗಿ ಒಳಗೆ ತಲುಪುತ್ತವೆ, ಮೇಲಿನವು ಮಂದವಾಗುತ್ತವೆ. ಹೀಗಾಗಿ ಮಾತಿನ ಅಕ್ಷರಗಳಿಗಿಂತ ಅದರ ರಾಗ ಮತ್ತು ಲಯ ಮಗುವಿಗೆ ಮೊದಲು ಪರಿಚಯವಾಗುತ್ತವೆ. ನವಜಾತ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಲು ಹೆಚ್ಚು ಬಯಸುತ್ತವೆ ಎಂಬುದನ್ನು, ಅವು ಚೀಪುವ ಕ್ರಮವನ್ನು ಅಳೆದು, ಆಂಟನಿ ಡಿಕಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ತೋರಿಸಿದರು.

ಹುಟ್ಟಿ ಎರಡು ಮೂರು ದಿನಗಳಾದ, ನಿದ್ದೆಯಲ್ಲಿದ್ದ ಹಸುಗೂಸುಗಳಿಗೆ ಹಂಗೇರಿಯ ಸಂಶೋಧಕರು ಡ್ರಮ್ಮಿನ ಒಂದು ನಡೆಯನ್ನು ಕೇಳಿಸಿ, ನಡುನಡುವೆ ಆವರ್ತದ ಮೊದಲ ಪೆಟ್ಟನ್ನು ಬಿಟ್ಟರು. ಪೆಟ್ಟು ಬೀಳದ ಆ ಕ್ಷಣಕ್ಕೆ ಶಿಶುಗಳ ಮಿದುಳಿನ ವಿದ್ಯುತ್ ಅಲೆ ಬದಲಾಯಿತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು, ಎಣಿಕೆಯ ನಿರೀಕ್ಷೆ ಹುಟ್ಟಿನಿಂದಲೇ ಇದೆ ಎಂಬುದಕ್ಕೆ ಆಧಾರವಾಗಿ ತೆಗೆದುಕೊಳ್ಳಲಾಗುತ್ತದೆ.

ಎಣಿಕೆ ಕಿವಿಯೊಂದರ ವಿಷಯವಲ್ಲ, ಮೈಯದೂ ಹೌದು ಎಂಬುದಕ್ಕೆ ಕೆನಡಾದ ಜೆಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಏಳು ತಿಂಗಳ ಶಿಶುಗಳಿಗೆ ಒತ್ತುಗಳೇ ಇಲ್ಲದ ಒಂದು ತಾಳದ ನಡೆಯನ್ನು ಕೇಳಿಸಲಾಯಿತು. ಕೇಳಿಸುವಾಗ ಕೆಲವು ಮಕ್ಕಳನ್ನು ಎರಡೆರಡು ಎಣಿಕೆಗೊಮ್ಮೆ, ಉಳಿದವನ್ನು ಮೂರುಮೂರಕ್ಕೊಮ್ಮೆ ಎತ್ತಿ ಕುಣಿಸಲಾಯಿತು. ಆಮೇಲೆ ಅದೇ ನಡೆಯನ್ನು ಒತ್ತು ಸೇರಿಸಿ ಎರಡು ಬಗೆಯಾಗಿ ನುಡಿಸಿದಾಗ, ಮಕ್ಕಳು ತಮ್ಮ ಮೈ ಕುಣಿದ ಲೆಕ್ಕಕ್ಕೆ ಹೊಂದುವ ನಡೆಯನ್ನೇ ಹೆಚ್ಚು ಹೊತ್ತು ಆಲಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿದಾಗಲೂ ಇದು ನಡೆಯಿತು. ಇನ್ನೊಬ್ಬರು ಕುಣಿಯುವುದನ್ನು ನೋಡಿದರೆ ಮಾತ್ರ ನಡೆಯಲಿಲ್ಲ. ಸೊಂಟದ ಮೇಲೆ ಕೂರಿಸಿಕೊಂಡು ಕುಣಿಸುವಾಗ, ತೊಟ್ಟಿಲು ತೂಗುವಾಗ ಮಗುವಿಗೆ ಸಿಗುತ್ತಿರುವುದು ತಾಳದ ಮೊದಲ ಪಾಠವೆಂದೇ ಹೇಳಬೇಕು.

ಕಿವಿ ಒಂದು ಸಂಸ್ಕೃತಿಗೆ ಹೊಂದಿಕೊಳ್ಳುವುದೂ ಇದೇ ವಯಸ್ಸಿನಲ್ಲಿ. ಬಾಲ್ಕನ್ ನಾಡುಗಳ ಸಂಗೀತದಲ್ಲಿ ಏಳರಂಥ ಅಸಮ ತಾಳಗಳು ಸಾಮಾನ್ಯ. ಅಂಥ ತಾಳದಲ್ಲಿ ಮಾಡಿದ ತಪ್ಪನ್ನು ಉತ್ತರ ಅಮೆರಿಕದ ದೊಡ್ಡವರು ಗುರುತಿಸಲಾರದೆ ಹೋದರು, ಆದರೆ ಅಲ್ಲಿನದೇ ಆರು ತಿಂಗಳ ಮಕ್ಕಳು ಗುರುತಿಸಿದರು. ವರ್ಷ ತುಂಬುವ ಹೊತ್ತಿಗೆ ಮಕ್ಕಳೂ ದೊಡ್ಡವರಂತಾಗಿದ್ದರು. ಆದರೂ ಅಲ್ಪಕಾಲ ಆ ಸಂಗೀತವನ್ನು ಕೇಳಿಸಿದರೆ ಅವರಿಗೆ ಆ ಶಕ್ತಿ ಮರಳಿ ಬಂತು, ದೊಡ್ಡವರಿಗೆ ಬರಲಿಲ್ಲ. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ನಡೆಸಿದ ಈ ಅಧ್ಯಯನಗಳು 2005ರಲ್ಲಿ ಪ್ರಕಟವಾದವು. ಐದರ ಖಂಡಛಾಪು, ಏಳರ ಮಿಶ್ರಛಾಪು ತಾಳಗಳನ್ನು ಮನೆಯಲ್ಲೇ ಕೇಳಿ ಬೆಳೆದವರಿಗೆ ಅವು ಸಹಜವಾಗಿ ತೋರುವುದನ್ನೂ ಇದೇ ನೆಲೆಯಲ್ಲಿ ಅರ್ಥ ಮಾಡಿಕೊಳ್ಳಬಹುದು.

ಜೋಗುಳ ಲೋಕದ ನಾನಾ ಕಡೆಯ ಸಮಾಜಗಳಲ್ಲಿ ದಾಖಲಾಗಿದೆ. ತಾವು ಎಂದೂ ಕೇಳದ ನಾಡಿನ ಜೋಗುಳವನ್ನು ಬೇರೆ ಹಾಡುಗಳ ನಡುವೆ ಕೇಳುಗರು ಗುರುತಿಸಬಲ್ಲರು. ನಿಧಾನ ಗತಿ, ಸರಳ ಸಂಚಾರ, ಮತ್ತೆ ಮತ್ತೆ ಬರುವ ಸಾಲು ಅವುಗಳ ಸಾಮಾನ್ಯ ಲಕ್ಷಣ. ಪರಭಾಷೆಯ ಜೋಗುಳ ಕೇಳಿದಾಗಲೂ ಶಿಶುಗಳ ಎದೆಬಡಿತ ತಗ್ಗುತ್ತದೆ.

ಬಾಲ್ಯ ಮತ್ತು ಕಲಿಕೆ

ಮಕ್ಕಳು ಹಾಡನ್ನು ಒಂದೇ ಸಲಕ್ಕೆ ಇಡಿಯಾಗಿ ಕಲಿಯುವುದಿಲ್ಲ. ಮೊದಲು ಮಾತು ಹಿಡಿಯುತ್ತದೆ, ಆಮೇಲೆ ಲಯ, ನಂತರ ಧಾಟಿಯ ಏರಿಳಿತದ ಸ್ಥೂಲ ಚಿತ್ರ. ಸ್ವರಗಳ ನಡುವಿನ ನಿಖರ ಅಂತರ ಕೊನೆಗೆ ಕೂಡಿಬರುತ್ತದೆ. ಸಂಗೀತದ ಭಾವವನ್ನು ಗುರುತಿಸುವ ಶಕ್ತಿಯಲ್ಲೂ ಹೀಗೆ ಮೆಟ್ಟಿಲುಗಳಿವೆ. ಪಾಶ್ಚಾತ್ಯ ಸಂಗೀತ ಬಳಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಐದು ವರ್ಷದವರು ಗತಿಯನ್ನು ಮಾತ್ರ ನೋಡಿ ಸಂತೋಷ, ದುಃಖಗಳನ್ನು ಬೇರ್ಪಡಿಸಿದರು. ಆರರಿಂದ ಎಂಟು ವರ್ಷದವರು ಗತಿಯ ಜತೆಗೆ ಮೇಜರ್, ಮೈನರ್ ಸ್ವರಶ್ರೇಣಿಗಳ ವ್ಯತ್ಯಾಸವನ್ನೂ ಬಳಸಿದರು.

ಕರ್ನಾಟಕ ಸಂಗೀತದ ಆರಂಭಿಕ ಪಾಠಕ್ರಮವನ್ನು ಪರಂಪರೆ ಪುರಂದರದಾಸರ ಹೆಸರಿಗೆ ಸಲ್ಲಿಸುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆ, ಜಂಟಿವರಸೆ, ಅಲಂಕಾರ, ಅನಂತರ ಪಿಳ್ಳಾರಿ ಗೀತೆ ಎಂಬ ಅದರ ಕ್ರಮದಲ್ಲಿ ಮನೋವಿಜ್ಞಾನದ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳಿವೆ. ಮಗು ಒಂದೇ ರಾಗದ ಚೌಕಟ್ಟಿನೊಳಗೆ ಇದ್ದುಕೊಂಡು ಸ್ವರಗಳ ಜೋಡಣೆಯನ್ನು ಹಂತ ಹಂತವಾಗಿ ಬದಲಿಸುತ್ತದೆ. ಅದೇ ವರಸೆಯನ್ನು ಒಂದು, ಎರಡು, ಮೂರನೆಯ ಕಾಲಗಳಲ್ಲಿ ಹಾಡುತ್ತದೆ. ಕೈಯಲ್ಲಿ ತಾಳ ಹಾಕುತ್ತ, ಬಾಯಲ್ಲಿ ಸ್ವರದ ಹೆಸರು ಹೇಳುತ್ತ, ಕಿವಿಯಲ್ಲಿ ಶ್ರುತಿ ಹಿಡಿಯುತ್ತದೆ. ಚಲನೆ, ನುಡಿ, ಶ್ರವಣ ಮೂರೂ ಒಟ್ಟಿಗೆ ಪಳಗುತ್ತವೆ.

ಯಾವ ಆಧಾರವೂ ಇಲ್ಲದೆ ಒಂದು ಸ್ವರದ ನಿಖರ ಸ್ಥಾಯಿಯನ್ನು ಹೆಸರಿಸುವ ‘ನಿರಪೇಕ್ಷ ಸ್ಥಾಯಿಜ್ಞಾನ’ ಅಪರೂಪದ ಶಕ್ತಿ. ಅದಿರುವವರಲ್ಲಿ ಹೆಚ್ಚಿನವರು ಆರೇಳು ವರ್ಷದೊಳಗೆ ಸಂಗೀತ ಕಲಿಯಲು ತೊಡಗಿದವರು. ಷಡ್ಜವನ್ನು ಹಾಡುವವರ ಕಂಠಕ್ಕೆ ತಕ್ಕಂತೆ ಇರಿಸಿಕೊಳ್ಳುವ ಭಾರತೀಯ ಪದ್ಧತಿಗೆ ಬೇಕಾದದ್ದು ಸಾಪೇಕ್ಷ ಜ್ಞಾನ. ಎಡಬಲ ಮಿದುಳುಗಳನ್ನು ಕೂಡಿಸುವ ನರಸೇತುವಿನ ಮುಂಭಾಗ ಸಂಗೀತಗಾರರಲ್ಲಿ, ಅದರಲ್ಲೂ ಏಳು ವರ್ಷದೊಳಗೆ ಕಲಿಕೆ ಶುರು ಮಾಡಿದವರಲ್ಲಿ, ದೊಡ್ಡದಾಗಿರುವುದನ್ನು ಗಾಟ್‌ಫ್ರೀಡ್ ಶ್ಲಾಗ್ ತಂಡ 1995ರಲ್ಲಿ ವರದಿ ಮಾಡಿತು.

ಸಂಗೀತ ಕಲಿತರೆ ಬುದ್ಧಿ ಬೆಳೆಯುತ್ತದೆಯೇ ಎಂಬ ಪ್ರಶ್ನೆಯಲ್ಲಿ ಜನರ ನಂಬಿಕೆ ಆಧಾರಗಳಿಗಿಂತ ಬಹಳ ಮುಂದೆ ಓಡಿದೆ. 1993ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಟ್ಸಾರ್ಟನ ಪಿಯಾನೊ ಸೊನಾಟ ಕೇಳಿಸಿದಾಗ, ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವಂಥ ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚಿತು. ಪರಿಣಾಮ ಉಳಿದದ್ದು 10–15 ನಿಮಿಷ ಮಾತ್ರ. ಪ್ರಯೋಗದಲ್ಲಿ ಶಿಶುಗಳೇ ಇರಲಿಲ್ಲ. ಆದರೂ ಇದು ‘ಮೊಟ್ಸಾರ್ಟ್ ಪರಿಣಾಮ’ ಎಂಬ ಹೆಸರಿನಲ್ಲಿ ಹಬ್ಬಿ, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಮುದ್ರಿಕೆ ಕೊಡುವ ಯೋಜನೆ ಮುಂದಿಟ್ಟರು. ಲವಲವಿಕೆ ಮತ್ತು ಉಲ್ಲಾಸ ತರುವ ಯಾವುದೇ ಅನುಭವ ಅಂಥದೇ ತಾತ್ಕಾಲಿಕ ಫಲ ಕೊಡುತ್ತದೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ 144 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ವರ್ಷ ಸಂಗೀತ ಕಲಿತವರ ಬುದ್ಧಿಮಾಪನ ಅಂಕ ಇತರರಿಗಿಂತ ಹೆಚ್ಚಿತಾದರೂ ವ್ಯತ್ಯಾಸ ಚಿಕ್ಕದು. ಸಂಗೀತ ಕಲಿಸಲು ಇಂಥ ಸಮರ್ಥನೆಯ ಅಗತ್ಯವೂ ಇಲ್ಲ.

ಹದಿಹರೆಯ

ಸಂಗೀತ ಬದುಕಿನಲ್ಲಿ ಅತಿ ಹೆಚ್ಚು ಜಾಗ ಹಿಡಿಯುವುದು ಹದಿಹರೆಯದಲ್ಲಿ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಂಗೀತಕ್ಕೆ ಕೊಡುವ ಪ್ರಾಮುಖ್ಯ ಮತ್ತು ಕೇಳುವ ಸಮಯ ಎರಡೂ ವಯಸ್ಸಾದಂತೆ ಇಳಿಯುತ್ತವೆ. ಹದಿವಯಸ್ಸಿನಲ್ಲಿ ಅಬ್ಬರದ ಸಂಗೀತಕ್ಕೆ ಒಲವು ಹೆಚ್ಚು, ನಡುವಯಸ್ಸಿನಲ್ಲಿ ಶಾಸ್ತ್ರೀಯ ಮತ್ತು ಜಾಝ್‌ನಂಥ ಪ್ರಕಾರಗಳಿಗೆ. ತಾನು ಯಾರು, ತನ್ನವರು ಯಾರು ಎಂಬುದನ್ನು ನಿಶ್ಚಯಿಸಿಕೊಳ್ಳಲು ಹದಿಹರೆಯದವರು ಸಂಗೀತವನ್ನು ಬಳಸುತ್ತಾರೆ. ಒಂದೇ ಬಗೆಯ ಹಾಡು ಇಷ್ಟಪಡುವವರು ಗೆಳೆಯರಾಗುತ್ತಾರೆ, ಗೆಳೆಯರ ಹಾಡು ತಮ್ಮದಾಗುತ್ತದೆ.

ಈ ವಯಸ್ಸಿನ ಹಾಡುಗಳು ಮುಂದೆ ಮರೆಯುವುದಿಲ್ಲ. ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳು ಜೀವನದ ಉಳಿದ ಕಾಲದವುಗಳಿಗಿಂತ ಹೆಚ್ಚಾಗಿ ಮರುಕಳಿಸುವುದನ್ನು ‘ಸ್ಮೃತಿಶಿಖರ’ ಎನ್ನಬಹುದು. ಜನ ಅತಿ ಹೆಚ್ಚು ಮೆಚ್ಚುವುದು ತಮಗೆ ಸುಮಾರು 23–24 ವರ್ಷವಿದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನು ಎಂದು ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಕಂಡುಕೊಂಡರು. 2013ರಲ್ಲಿ ಕ್ರಮ್‌ಹಾನ್ಸಲ್ ಮತ್ತು ಜಸ್ಟಿನ್ ಝುಪ್ನಿಕ್ ಇನ್ನೊಂದು ಸಂಗತಿ ಸೇರಿಸಿದರು: ಇಪ್ಪತ್ತರ ವಯಸ್ಸಿನವರಲ್ಲಿ ಅವರ ತಂದೆತಾಯಿಯರ ಯೌವನದ ಹಾಡುಗಳಿಗೂ ಪ್ರತ್ಯೇಕ ಶಿಖರವಿತ್ತು. ಮನೆಯಲ್ಲಿ ದೊಡ್ಡವರು ಕೇಳುತ್ತಿದ್ದುದು ಮಕ್ಕಳ ನೆನಪಾಗಿಯೂ ಉಳಿಯುತ್ತದೆ. ಅಪ್ಪ ಅಮ್ಮಂದಿರ ಕ್ಯಾಸೆಟ್ಟಿನ ಭಾವಗೀತೆ, ಹಳೆಯ ಚಿತ್ರಗೀತೆಗಳನ್ನು ಮಕ್ಕಳೂ ಬಾಯಿಪಾಠ ಹೇಳುವುದು ಕನ್ನಡದ ಮನೆಗಳಲ್ಲಿ ಕಾಣುವ ಸಂಗತಿಯೇ.

ಪ್ರೌಢ ವಯಸ್ಸು

ಪ್ರೌಢರು ಸಂಗೀತವನ್ನು ಬಹುಪಾಲು ಬೇರೆ ಕೆಲಸ ಮಾಡುತ್ತ ಕೇಳುತ್ತಾರೆ. ಮನಸ್ಸನ್ನು ಹದಕ್ಕೆ ತರುವುದು, ಬೇಸರ ಕಳೆಯುವುದು, ದುಡಿಮೆಗೆ ಹುರುಪು ತುಂಬುವುದು ಅದರ ಉದ್ದೇಶಗಳು. ಬೀಸುವ ಪದಗಳಲ್ಲಿ ಕಲ್ಲಿನ ಸುತ್ತಿಗೂ ಹಾಡಿನ ಲಯಕ್ಕೂ ಇರುವ ಹೊಂದಿಕೆ ಇದರ ಹಳೆಯ ರೂಪ. ಮೈಚಲನೆ ಹೊರಗಿನ ಎಣಿಕೆಗೆ ಹೊಂದಿಕೊಳ್ಳುವುದಕ್ಕೆ ‘ಲಯಾನುಸರಣೆ’ ಎಂದು ಹೆಸರು. ಮನುಷ್ಯ ಸಹಜವಾಗಿ ತಟ್ಟುವ ಗತಿ ಬಾಲ್ಯದಲ್ಲಿ ವೇಗವಾಗಿದ್ದು ವಯಸ್ಸಾದಂತೆ ನಿಧಾನವಾಗುತ್ತದೆ ಎಂಬುದು 4ರಿಂದ 95 ವರ್ಷದವರನ್ನು ಪರೀಕ್ಷಿಸಿದ 2006ರ ಅಧ್ಯಯನದ ಫಲಿತಾಂಶ.

ಮುಪ್ಪು

ಮುಪ್ಪಿನಲ್ಲಿ ಮೊದಲು ಕುಂದುವುದು ಮೇಲಿನ ಆವರ್ತನಗಳನ್ನು ಕೇಳುವ ಶಕ್ತಿ. ಹಾಡಿನ ಸಾಹಿತ್ಯ, ವಿಶೇಷವಾಗಿ ವ್ಯಂಜನಗಳು ಅಸ್ಪಷ್ಟವಾಗುತ್ತವೆ. ಹೊಸ ಹಾಡು ಕಲಿಯುವುದು ನಿಧಾನವಾಗುತ್ತದೆ. ಆದರೆ ಹಳೆಯ ಹಾಡಿನ ನೆನಪು ಗಟ್ಟಿಯಾಗಿ ಉಳಿಯುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮನೆಯವರ ಹೆಸರು ಮರೆತವರೂ ಎಳೆವಯಸ್ಸಿನ ಹಾಡನ್ನು ಪದಸಹಿತ ಹಾಡುವುದುಂಟು. 2015ರಲ್ಲಿ ಜರ್ಮನಿಯ ಯೊರ್ನ್-ಹೆನ್ರಿಕ್ ಯಾಕೊಬ್‌ಸೆನ್ ತಂಡ, ಬಹುಕಾಲದಿಂದ ಬಲ್ಲ ಸಂಗೀತವನ್ನು ಕೇಳುವಾಗ ಚುರುಕಾಗುವ ಮಿದುಳ ಭಾಗಗಳಿಗೆ ಈ ಕಾಯಿಲೆಯಿಂದ ಆಗುವ ಹಾನಿ ಉಳಿದ ಭಾಗಗಳಿಗಿಂತ ಕಡಿಮೆ ಎಂದು ತೋರಿಸಿತು. ಹಾಗೆಂದು ಸಂಗೀತ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಉದ್ವೇಗ ತಗ್ಗಿಸುವುದು, ಕೆಲ ಹೊತ್ತು ಜತೆಯವರೊಡನೆ ನಂಟು ಮರಳಿಸುವುದು ಅದರಿಂದ ಸಾಧ್ಯ. ರೋಗಿಯನ್ನು ನೋಡಿಕೊಳ್ಳುವ ಮನೆಮಂದಿಗೆ ಇದು ಸಣ್ಣ ಲಾಭವಲ್ಲ.

ಸಂಗೀತ ಮತ್ತು ಭಾವ

ಸಂಗೀತದಲ್ಲಿರುವ ಭಾವವನ್ನು ಗುರುತಿಸುವುದು ಬೇರೆ, ಆ ಭಾವವನ್ನು ತಾನೇ ಅನುಭವಿಸುವುದು ಬೇರೆ. ಸ್ವೀಡನ್ನಿನ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಡೇನಿಯಲ್ ವೆಸ್ಟ್‌ಫ್ಯೆಲ್ 2008ರಲ್ಲಿ ಅನುಭವಕ್ಕೆ ಹಲವು ಮೂಲಗಳನ್ನು ಗುರುತಿಸಿದರು: ಥಟ್ಟನೆ ಬರುವ ಶಬ್ದಕ್ಕೆ ಬೆಚ್ಚುವುದು, ಹಾಡುವ ದನಿಯ ಭಾವ ತನಗೂ ಅಂಟುವುದು, ಹಿಂದೆ ಯಾವುದೋ ಸಂದರ್ಭದೊಡನೆ ಬೆಸೆದುಕೊಂಡಿರುವುದು, ಚಿತ್ರ ಕಣ್ಮುಂದೆ ಬರುವುದು, ಹಳೆಯ ಘಟನೆ ನೆನಪಾಗುವುದು, ನಿರೀಕ್ಷೆ ಈಡೇರುವುದು ಅಥವಾ ತಪ್ಪುವುದು. ಲಯಾನುಸರಣೆಯನ್ನು ಆಮೇಲೆ ಪಟ್ಟಿಗೆ ಸೇರಿಸಲಾಯಿತು.

ಲಾರಾ-ಲೀ ಬಾಲ್ಕ್‌ವಿಲ್ ಮತ್ತು ವಿಲಿಯಂ ಥಾಮ್ಸನ್ 1999ರಲ್ಲಿ, ಹಿಂದೂಸ್ತಾನಿ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ರಾಗಗಳನ್ನು ಕೇಳಿಸಿದರು. ಹರ್ಷ, ಶೋಕ, ಕೋಪಗಳನ್ನು ಅವರು ಗುರುತಿಸಿದರು, ಶಾಂತವನ್ನು ಗುರುತಿಸಲಾರದೆ ಹೋದರು. ಗತಿ, ಸಂಚಾರದ ಜಟಿಲತೆಯಂಥ ಹೊರಗಿನ ಗುರುತುಗಳು ಎಲ್ಲರಿಗೂ ಸಿಗುತ್ತವೆ. ಶಾಂತರಸ ದಕ್ಕಲು ಪರಿಚಯ ಬೇಕಾಗುತ್ತದೆ ಎಂದು ಇದರಿಂದ ಊಹಿಸಬಹುದು.

ಹಾಡು ಕೇಳುವಾಗ ಮೈ ಜುಮ್ಮೆನ್ನುವ ಅನುಭವಕ್ಕೆ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುವುದು ಆಧಾರ ಎಂದು ಕೆನಡಾದ ವ್ಯಾಲೊರಿ ಸಲಿಂಪೂರ್ ತಂಡ 2011ರಲ್ಲಿ ತೋರಿಸಿತು. ಆ ಘಳಿಗೆ ಬರಲಿದೆ ಎಂಬ ನಿರೀಕ್ಷೆಯಲ್ಲಿ ಒಂದು ಭಾಗದಲ್ಲೂ ಅದು ಬಂದಾಗ ಇನ್ನೊಂದು ಭಾಗದಲ್ಲೂ ಡೋಪಮಿನ್ ಹೆಚ್ಚುತ್ತದೆ. ಮೇಯರ್ ಹೇಳಿದ ನಿರೀಕ್ಷೆಗೆ ಹೀಗೆ ಶಾರೀರಿಕ ಆಧಾರವೂ ದೊರೆಯಿತು.

ವ್ಯಕ್ತಿಭೇದ

ಕೆಲವರಿಗೆ ಹುಟ್ಟಿನಿಂದಲೇ ಸ್ವರಗಳ ಅಂತರ ಸರಿಯಾಗಿ ತಿಳಿಯುವುದಿಲ್ಲ. ಅಪಸ್ವರವೂ ಪರಿಚಿತ ಧಾಟಿಯೂ ಅವರ ಗಮನಕ್ಕೆ ಬಾರವು. ‘ಜನ್ಮಜಾತ ಅಮ್ಯೂಸಿಯ’ ಎಂಬ ಈ ಸ್ಥಿತಿಯನ್ನು ಮಾಂಟ್ರಿಯಲ್‌ನ ಇಸಬೆಲ್ ಪೆರೆಟ್ಸ್ ವಿವರವಾಗಿ ಅಭ್ಯಸಿಸಿದರು. ಇನ್ನು ಕೆಲವರಿಗೆ ಗ್ರಹಿಕೆ ಸರಿಯಿದ್ದು, ಬೇರೆ ಸುಖಗಳೂ ಇದ್ದು, ಸಂಗೀತದಿಂದ ಮಾತ್ರ ಸುಖ ಸಿಗುವುದಿಲ್ಲ. 2014ರಲ್ಲಿ ಬಾರ್ಸಿಲೋನಾದ ಸಂಶೋಧಕರು ಇಂಥವರನ್ನು ಗುರುತಿಸಿದರು. ಇದನ್ನು ಅರಸಿಕತನವೆಂದು ಮೂದಲಿಸುವುದು ತಪ್ಪು.

ಸಾಧನೆಗೆ ಕಾರಣ ಅಭ್ಯಾಸವೋ ಹುಟ್ಟಿನ ಶಕ್ತಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಸಿಸಿದ ಆಂಡರ್ಸ್ ಎರಿಕ್ಸನ್ 1993ರಲ್ಲಿ ಉದ್ದೇಶಪೂರ್ವಕ ಸಾಧನೆಗೆ ಹೆಚ್ಚಿನ ಮಹತ್ವ ಕೊಟ್ಟರು. 2014ರ ಸಮಗ್ರ ವಿಶ್ಲೇಷಣೆಯೊಂದು ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇಕಡ 21ರಷ್ಟನ್ನು ಮಾತ್ರ ಅಭ್ಯಾಸ ವಿವರಿಸುತ್ತದೆ ಎಂದಿತು.

ಉಪಯೋಗಗಳು

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕೆಲವರು ಹಾಡಬಲ್ಲರು. ಇದನ್ನು ಬಳಸಿ, ಪದಗಳನ್ನು ರಾಗವಾಗಿ ಹೇಳಿಸುತ್ತ, ಎಡಗೈಯಿಂದ ತಾಳ ತಟ್ಟಿಸುತ್ತ ಮಾತು ಮರಳಿಸುವ ಚಿಕಿತ್ಸೆ 1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರೂಪುಗೊಂಡಿತು. ಪಾರ್ಕಿನ್‌ಸನ್ ರೋಗಿಗಳ ನಡಿಗೆ ಸ್ಪಷ್ಟ ಎಣಿಕೆಯ ಶಬ್ದಕ್ಕೆ ಹೊಂದಿಸಿದಾಗ ಸುಧಾರಿಸುತ್ತದೆ ಎಂದು ಮೈಕೆಲ್ ಥೌಟ್ 1996ರಲ್ಲಿ ತೋರಿಸಿದರು. ಫಿನ್‌ಲೆಂಡಿನಲ್ಲಿ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾರ್ಶ್ವವಾಯುವಾದ ಹೊಸದರಲ್ಲಿ ತಮಗಿಷ್ಟವಾದ ಸಂಗೀತವನ್ನು ದಿನವೂ ಕೇಳಿದವರ ಮಾತಿನ ಸ್ಮರಣೆ ಮತ್ತು ಏಕಾಗ್ರತೆ ಇತರರಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ಶಸ್ತ್ರಚಿಕಿತ್ಸೆಗೆ ಮುನ್ನ ಆತಂಕ ತಗ್ಗಿಸಲೂ ಸಂಗೀತವನ್ನು ಬಳಸುತ್ತಾರೆ. ಇಂಥ ರಾಗ ಇಂಥ ರೋಗಕ್ಕೆ ಮದ್ದು ಎಂಬ ಪ್ರಚಲಿತ ಪಟ್ಟಿಗಳಿಗೆ ಈ ಬಗೆಯ ಪ್ರಯೋಗಾಧಾರ ಇಲ್ಲ. ಅವುಗಳನ್ನು ನಂಬಿ ಔಷಧ ನಿಲ್ಲಿಸುವುದು ಅಪಾಯಕರ.

ಇಂದಿನ ಸ್ಥಿತಿ

ಈ ಕ್ಷೇತ್ರದ ಅಂತರರಾಷ್ಟ್ರೀಯ ಸಮ್ಮೇಳನ ಮೊದಲು ಸೇರಿದ್ದು 1989ರಲ್ಲಿ, ಜಪಾನಿನ ಕ್ಯೋಟೊದಲ್ಲಿ. ಸಂಗೀತ ಪಾಠ ಹೇಳಿಸಿಕೊಳ್ಳದವರ ಪರಿಣತಿಯನ್ನೂ ಅಳೆಯುವ ಪ್ರಶ್ನಾವಳಿಯೊಂದನ್ನು ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿ ಡೇನಿಯಲ್ ಮ್ಯೂಲೆನ್‌ಸೀಫನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಕೇಳುಗರನ್ನೂ ಪರಿಣತರೆಂದು ಎಣಿಸಿದ್ದು ಅದರ ಮುಖ್ಯ ಗುಣ.

ಕ್ಷೇತ್ರದ ದೊಡ್ಡ ಕೊರತೆ ಎಂದರೆ ಇಲ್ಲಿನ ಬಹುಪಾಲು ತೀರ್ಮಾನಗಳು ಪಾಶ್ಚಾತ್ಯ ಸಂಗೀತ ಮತ್ತು ಅಲ್ಲಿನ ಕಾಲೇಜು ವಿದ್ಯಾರ್ಥಿಗಳನ್ನು ಆಧರಿಸಿರುವುದು. ಬೊಲಿವಿಯಾದ ಚಿಮಾನೆ ಜನರಿಗೆ, ಪಾಶ್ಚಾತ್ಯರು ಕರ್ಕಶವೆನ್ನುವ ಸ್ವರಜೋಡಿಗಳೂ ಇಂಪೆನ್ನುವವೂ ಸಮಾನವಾಗಿ ಹಿಡಿಸುತ್ತವೆ ಎಂಬ 2016ರ ಫಲಿತಾಂಶ, ಹೆಲ್ಮ್‌ಹೋಲ್ಟ್ಸ್‌ನಿಂದ ಬಂದ ನಂಬಿಕೆಯನ್ನೇ ಪ್ರಶ್ನಿಸಿತು. ಗಮಕ, ಮನೋಧರ್ಮ, ಶ್ರುತಿಯ ನಿರಂತರ ಹಿನ್ನೆಲೆ ಇವುಗಳಿರುವ ಸಂಗೀತವನ್ನು ಕೇಳಿ ಬೆಳೆದವರ ಮೇಲೆ ಇನ್ನೂ ಹೆಚ್ಚಿನ ಅಧ್ಯಯನಗಳು ನಡೆಯಬೇಕಾಗಿವೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಮನೋವಿಜ್ಞಾನಿ ಶಾಂತಲಾ ಹೆಗಡೆಯವರ ನೇತೃತ್ವದ ಪ್ರಯೋಗಾಲಯ ಸಂಗೀತದ ಗ್ರಹಿಕೆ ಮತ್ತು ನರರೋಗಗಳಲ್ಲಿ ಅದರ ಬಳಕೆಯನ್ನು ಕುರಿತು ಸಂಶೋಧನೆ ನಡೆಸುತ್ತಿದೆ.